ಗುಡ್ಡದ ಮೇಲಿನ ಕೆರೆ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ನೆಲ ಮತ್ತು ಜಲಕ್ಕೆ ಸಂಬಂಧಿಸಿದ ಯಾವ ವಿಷಯವಾದರೂ ಸರಿ ಎಂದು ಸಂಚಾಲಕರು ಸಲುಗೆ ಕೊಟ್ಟಿದ್ದರಿಂದ ಕಲಬುರ್ಗಿಯ ಈ ವೇದಿಕೆಯಲ್ಲಿ ನಿಂತು ಬಹು ದೂರದ ಒಂದು ಊರಿನ ಕಥೆ ಹೇಳಲಿದ್ದೇನೆ. ಅಮೆರಿಕದ ಫ್ಲಾರಿಡಾ ರಾಜ್ಯದ ಪೋಲ್ಕ್ ಕೌಂಟಿಯಲ್ಲಿ ಮಲ್ಬೆರಿ ಎಂಬ ಸಣ್ಣ ಊರಿದೆ. ಅದರ ಹತ್ತಿರ ಮೊಸಾಯಿಕ್ ಕಂಪನಿಗೆ ಸೇರಿದ ನ್ಯೂ ವೇಲ್ಸ್ ಎಂಬ ರಸಗೊಬ್ಬರ ಕಾರ್ಖಾನೆ. 2016ರ ಆಗಸ್ಟ್ 27ರಂದು ಆ ಕಾರ್ಖಾನೆಯ ತ್ಯಾಜ್ಯದ ಗುಡ್ಡದ ಮೇಲಿದ್ದ ಕೊಳದಲ್ಲಿ ನೀರಿನ ಮಟ್ಟ ಇದ್ದಕ್ಕಿದ್ದಂತೆ ಇಳಿದಿರುವುದು ಸಿಬ್ಬಂದಿಯ ಕಣ್ಣಿಗೆ ಬಿತ್ತು. ಬಿಸಿಲಿಗೆ ಆರಿ ಹೋಗುವ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಕೊಳದ ತಳದಲ್ಲಿ ಸುಮಾರು 45 ಅಡಿ ಅಗಲದ ಬಾಯಿ ತೆರೆದುಕೊಂಡಿತ್ತು. ಲೆಕ್ಕ ಮುಗಿಯುವ ಹೊತ್ತಿಗೆ ಸುಮಾರು 21.5 ಕೋಟಿ ಗ್ಯಾಲನ್, ಅಂದರೆ 81 ಕೋಟಿ ಲೀಟರ್ ಆಮ್ಲದ ನೀರು ಆ ಬಾಯಿಂದ ಇಳಿದು ಫ್ಲಾರಿಡನ್ ಜಲಧರ ಎಂಬ ಅಂತರ್ಜಲದ ಪದರವನ್ನು ಸೇರಿತ್ತು. ಸುಮಾರು ಒಂದು ಕೋಟಿ ಜನ ಕುಡಿಯುವ ನೀರು ಆ ಜಲಧರದ್ದು.

ಇಂಥ ಬಾಯಿಗೆ ಸಿಂಕ್‌ಹೋಲ್ ಎನ್ನುತ್ತಾರೆ. ಸಿಂಕ್‌ಹೋಲ್ ಎಂದರೆ ನಮಗೆ ನೆನಪಾಗುವುದು ರಸ್ತೆ ಮಧ್ಯೆ ಕುಸಿದು ಕಾರು ನುಂಗಿದ ಗುಂಡಿಯ ಫೋಟೊ. ಬೆಂಗಳೂರಿನಲ್ಲೂ ಪೈಪು ಒಡೆದು ಮಣ್ಣು ಕೊಚ್ಚಿಹೋಗಿ ಟಾರು ಕುಸಿದಾಗ ಪತ್ರಿಕೆಗಳು ಅದೇ ಹೆಸರಿನಿಂದ ಕರೆಯುತ್ತವೆ. ಅಂಥ ಗುಂಡಿಗೆ ಜಲ್ಲಿ ಸುರಿದು ಮುಚ್ಚಿದರೆ ಕೆಲಸ ಮುಗಿಯಿತು. ನಾನು ಹೇಳಹೊರಟಿರುವುದು ಬೇರೆ ಜಾತಿಯದು. ಇಲ್ಲಿ ಗುಂಡಿಯ ಮೇಲೆ ಒಂದು ಗುಡ್ಡವಿದೆ, ಗುಡ್ಡದ ಮೇಲೆ ಒಂದು ಕೆರೆಯಿದೆ. ಆ ಕೆರೆ ಅಲ್ಲಿ ಏಕಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಗುಂಡಿಯನ್ನಷ್ಟೇ ನೋಡುತ್ತ ಕೂತರೆ ಏನೂ ತಿಳಿಯುವುದಿಲ್ಲ ಎಂಬುದು ನನ್ನ ವಾದ.

ಮೊದಲು ಗುಡ್ಡ. ಫ್ಲಾರಿಡಾದ ನಡುಭಾಗದ ಒಂದು ಸೀಮೆಗೆ ಬೋನ್ ವ್ಯಾಲಿ ಎಂದು ಹೆಸರು. ಅಲ್ಲಿ ರಂಜಕದ ಅದಿರು ನೆಲದ ಮೇಲ್ಪದರದಲ್ಲೇ ಸಿಗುತ್ತದೆ. ಅದಿರನ್ನು ಪುಡಿಮಾಡಿ ಗಂಧಕಾಮ್ಲದಲ್ಲಿ ಬೇಯಿಸಿದರೆ ಫಾಸ್ಫಾರಿಕ್ ಆಮ್ಲ ಬರುತ್ತದೆ. ಅದಕ್ಕೆ ಅಮೋನಿಯಾ ಸೇರಿಸಿದರೆ ನಮ್ಮ ರೈತರು ಮುಂಗಾರಿಗೆ ಮೊದಲು ಸೊಸೈಟಿಯ ಮುಂದೆ ಸಾಲುಗಟ್ಟಿ ನಿಂತು ಒಯ್ಯುವ ಡಿಎಪಿ. ಆಮ್ಲದ ಜೊತೆಗೆ ಹುಟ್ಟುವ ಇನ್ನೊಂದು ವಸ್ತು ಫಾಸ್ಫೊಜಿಪ್ಸಮ್. ಬೇಡವೆಂದರೂ ಹುಟ್ಟುತ್ತದೆ, ಅದೂ ಬೇಕಾದದ್ದಕ್ಕಿಂತ ಐದು ಪಟ್ಟು. ಲೆಕ್ಕ ಸುಲಭವಿದೆ. 50 ಕೆ.ಜಿ. ಡಿಎಪಿ ಚೀಲದ ಮೇಲೆ 18-46 ಎಂದು ಅಚ್ಚಾಗಿರುತ್ತದೆ. ಆ 46 ಶೇಕಡಾ ರಂಜಕದ ಆಕ್ಸೈಡ್, ಅಂದರೆ ಚೀಲಕ್ಕೆ 23 ಕೆ.ಜಿ. ಐದರಿಂದ ಗುಣಿಸಿದರೆ 115 ಕೆ.ಜಿ. ಜಿಪ್ಸಮ್. ಚೀಲವನ್ನು ನೀವು ಹೊಲಕ್ಕೆ ಒಯ್ಯುತ್ತೀರಿ, ಅದರ ಎರಡು ಪಟ್ಟಿಗೂ ಮಿಕ್ಕ ತೂಕ ಎಲ್ಲೋ ಒಂದು ಕಡೆ ಗುಡ್ಡವಾಗಿ ಉಳಿಯುತ್ತದೆ. ಫ್ಲಾರಿಡಾದ ಡಿಎಪಿ ದಶಕಗಳ ಕಾಲ ಹಡಗುಗಳಲ್ಲಿ ಭಾರತಕ್ಕೆ ಬಂದಿದೆ. ಹಾಗಾಗಿ ಆ ಗುಡ್ಡಗಳಲ್ಲಿ ನಮ್ಮ ಖಾತೆಯ ಪಾಲೂ ಸ್ವಲ್ಪ ಇದೆ ಎಂದರೆ ತಪ್ಪಾಗದು. ಫ್ಲಾರಿಡಾದಲ್ಲಿ ಇಂಥ ಗುಡ್ಡಗಳು ಇಪ್ಪತ್ತಕ್ಕೂ ಹೆಚ್ಚಿವೆ. ಒಟ್ಟು ತೂಕ ಸುಮಾರು ನೂರು ಕೋಟಿ ಟನ್.

ಹೊಲಕ್ಕೆ ಹಾಕುವ ಗಣಿಯ ಜಿಪ್ಸಮ್ಮಿಗೂ ಇದಕ್ಕೂ ವ್ಯತ್ಯಾಸವಿದೆ. ರಂಜಕದ ಅದಿರಿನಲ್ಲಿ ಸಹಜವಾಗಿಯೇ ಯುರೇನಿಯಂ ಇರುತ್ತದೆ. ಅದರ ಸಂತಾನವಾದ ರೇಡಿಯಂ-226 ಬಹುಪಾಲು ಜಿಪ್ಸಮ್ಮಿನ ಜೊತೆ ಹೋಗುತ್ತದೆ. ಅದರ ಅರ್ಧಾಯುಷ್ಯ 1,600 ವರ್ಷ, ಬಿಡುವ ಅನಿಲ ರೇಡಾನ್. ಈ ಕಾರಣಕ್ಕೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1989ರಲ್ಲಿ ನಿಯಮ ಮಾಡಿ ಫಾಸ್ಫೊಜಿಪ್ಸಮ್ಮನ್ನು ಗುಡ್ಡೆ ಹಾಕಿಯೇ ಇಡಬೇಕು ಎಂದಿತು. 1992ರಲ್ಲಿ ನಿಯಮ ಸ್ವಲ್ಪ ಸಡಿಲವಾಗಿ, ರೇಡಿಯಂ ಕಡಿಮೆ ಇರುವ ಜಿಪ್ಸಮ್ ಹೊಲಗಳಿಗೆ ಹೋಗಬಹುದೆಂದಾಯಿತು. ಪೋಲ್ಕ್ ಕೌಂಟಿಯ ಜಿಪ್ಸಮ್ಮಿಗೆ ಆ ಸಡಿಲಿಕೆಯಿಂದ ಪ್ರಯೋಜನವಾಗಲಿಲ್ಲ, ಗುಡ್ಡಗಳು ಬೆಳೆಯುತ್ತಲೇ ಹೋದವು.

ಇನ್ನು ಗುಡ್ಡದ ಮೇಲಿನ ಕೆರೆ. ಕಾರ್ಖಾನೆಯಿಂದ ಹೊರಬೀಳುವ ಜಿಪ್ಸಮ್ ಒಣ ಪುಡಿಯಲ್ಲ, ನೀರಿನಲ್ಲಿ ಕಲಸಿದ ರಾಡಿ. ಅದನ್ನು ಪೈಪಿನಲ್ಲಿ ಗುಡ್ಡದ ನೆತ್ತಿಗೆ ಪಂಪು ಮಾಡುತ್ತಾರೆ. ಅಲ್ಲಿ ಜಿಪ್ಸಮ್ ತಳಕ್ಕಿಳಿದು ನೀರು ಮೇಲೆ ನಿಲ್ಲುತ್ತದೆ. ಯಂತ್ರಗಳು ಕೆಳಗಿಳಿದ ಜಿಪ್ಸಮ್ಮನ್ನೇ ಬಗೆದು ಅಂಚಿಗೆ ಎತ್ತಿ ಹಾಕಿ ಏರಿ ಕಟ್ಟುತ್ತವೆ. ಏರಿ ಎತ್ತರವಾದಂತೆ ಕೊಳವೂ ಎತ್ತರಕ್ಕೇರುತ್ತದೆ. ಇನ್ನೂರು ಅಡಿಯ ಮೇಲೆ ಹೋದ ಗುಡ್ಡಗಳಿವೆ. ತಿಳಿಯಾದ ನೀರು ಬಸಿದು ಕೆಳಗಿಳಿದು ತಣ್ಣಗಾಗಿ ಮತ್ತೆ ಕಾರ್ಖಾನೆಗೆ ಹೋಗಿ ಮುಂದಿನ ರಾಡಿಯನ್ನು ಹೊತ್ತು ಮೇಲೆ ಬರುತ್ತದೆ. ಈ ಸುತ್ತು ಹಗಲೂ ರಾತ್ರಿ ನಡೆಯುತ್ತದೆ. ಹೊರಗಿನವರು ಇದನ್ನು ಕಸದ ತಿಪ್ಪೆ ಎಂದುಕೊಳ್ಳುತ್ತಾರೆ. ಒಳಗಿನವರಿಗೆ ಅದು ಕಾರ್ಖಾನೆಯ ಕೊಳಾಯಿ ವ್ಯವಸ್ಥೆಯ ಒಂದು ಭಾಗ. ಕಾರ್ಖಾನೆ ನಿಂತರೆ ಮಾತ್ರ ಕೆರೆಗೆ ನೀರು ಬರುವುದು ನಿಲ್ಲುತ್ತದೆ. ಆಗಲೂ ಫ್ಲಾರಿಡಾದ ಮಳೆ ನಿಲ್ಲುವುದಿಲ್ಲ.

ಆ ನೀರಿನ ಪಿಹೆಚ್ ಒಂದರಿಂದ ಎರಡರ ಆಸುಪಾಸು. ಅದರಲ್ಲಿ ಸಲ್ಫೇಟ್, ಫ್ಲೋರೈಡ್, ರಂಜಕ ಧಾರಾಳ, ಕೆಲವು ಲೋಹಗಳೂ ಉಂಟು. ಇಂಥ ನೀರನ್ನು ಹೊತ್ತ ಗುಡ್ಡ ಕೂತಿರುವುದು ಯಾವ ನೆಲದ ಮೇಲೆ? ಸುಣ್ಣಕಲ್ಲಿನ ಮೇಲೆ.

ಭೂವಿಜ್ಞಾನ ಓದಿದವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಸ್ವಲ್ಪ ಬಿಡಿಸುತ್ತೇನೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಲಕ್ಷಾಂತರ ವರ್ಷ ನೆಕ್ಕಿ ನೆಕ್ಕಿ ಒಳಗೆ ಬಿರುಕು, ಸುರಂಗ, ಗವಿಗಳನ್ನು ಮಾಡುತ್ತದೆ. ಫ್ಲಾರಿಡಾದ ಸುಣ್ಣಕಲ್ಲು ಎಳೆಯದು, ರಂಧ್ರಮಯ. ಹಿಮಯುಗಗಳಲ್ಲಿ ಸಮುದ್ರ ಹಿಂದೆ ಸರಿದಿದ್ದಾಗ ಅಂತರ್ಜಲದ ಮಟ್ಟವೂ ಬಹಳ ಕೆಳಗಿತ್ತು. ಆಗ ಆದ ಪೊಳ್ಳುಗಳು ಈಗ ನೀರು ತುಂಬಿಕೊಂಡು ಜೇಡಿಮಣ್ಣು ಮತ್ತು ಮರಳಿನ ಹೊದಿಕೆಯ ಕೆಳಗೆ ಅಡಗಿವೆ. ಉತ್ತರ ಕರ್ನಾಟಕದ ಹಳೆಯ ವಾಡೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವನ್ನು ನೋಡಿದವರಿಗೆ ಇದರ ಆಕಾರ ಹೇಳಿಕೊಡಬೇಕಾಗಿಲ್ಲ: ಕೊರಳು ಸಣ್ಣದು, ಹೊಟ್ಟೆ ದೊಡ್ಡದು, ಮೇಲೆ ನಡೆದಾಡುವವರಿಗೆ ಕೆಳಗೆ ಹೊಟ್ಟೆಯಿದೆ ಎಂಬ ಸುಳಿವೇ ಇರುವುದಿಲ್ಲ. ಹೊದಿಕೆಯ ಮರಳು ಕಾಳುಕಾಳಾಗಿ ಕೊರಳಿಂದ ಜಾರಿ ಹೊಟ್ಟೆಗೆ ಬೀಳುತ್ತ ಹೋಗುತ್ತದೆ. ಮೇಲ್ಮೈಗೆ ಸುದ್ದಿ ಮುಟ್ಟುವುದು ಕೊನೆಯಲ್ಲಿ.

ಈ ಜಾರುವಿಕೆಯನ್ನು ಎರಡು ಸಂಗತಿಗಳು ಚುರುಕುಗೊಳಿಸುತ್ತವೆ. ಒಂದು, ಕೆಳಗಿನ ನೀರು ಇಳಿಯುವುದು. ಪೊಳ್ಳಿನಲ್ಲಿ ತುಂಬಿದ ನೀರು ಚಾವಣಿಗೆ ಆಸರೆ ಕೊಟ್ಟಿರುತ್ತದೆ, ನೀರು ತೆಗೆದರೆ ಆಸರೆಯೂ ಹೋಯಿತು. 2010ರ ಜನವರಿಯಲ್ಲಿ ಪೋಲ್ಕ್ ಕೌಂಟಿಯ ನೆರೆಯಲ್ಲೇ, ಪ್ಲಾಂಟ್ ಸಿಟಿಯ ಸುತ್ತ, ಸ್ಟ್ರಾಬೆರಿ ಬೆಳೆಗಾರರು ಹಿಮದಿಂದ ಬೆಳೆ ಉಳಿಸಿಕೊಳ್ಳಲು ದಿನಗಟ್ಟಲೆ ಬೋರ್‌ವೆಲ್ ಓಡಿಸಿ ಗಿಡಗಳ ಮೇಲೆ ನೀರು ಸಿಂಪಡಿಸಿದರು. ಆ ಚಳಿಗಾಲದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಸಿಂಕ್‌ಹೋಲ್‌ಗಳು ಬಾಯ್ದೆರೆದವು. ಎರಡನೆಯದು, ಮೇಲಿನ ಭಾರ ಏರುವುದು. ನೆನೆದ ಜಿಪ್ಸಮ್ಮಿನ ತೂಕ ಘನಮೀಟರಿಗೆ ಒಂದೂವರೆ ಟನ್ನಿಗೂ ಮಿಕ್ಕಿರುತ್ತದೆ. ಅರವತ್ತು ಮೀಟರ್ ಎತ್ತರದ ಗುಡ್ಡವೆಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ಹೆಚ್ಚುಕಡಿಮೆ ನೂರು ಟನ್. ಅದರ ಮೇಲೆ ಕೆರೆ. ಭಾರ ಒತ್ತುತ್ತದೆ, ನೀರು ಸಂದು ಹುಡುಕುತ್ತದೆ, ಸಂದಿನಲ್ಲಿ ಇಳಿದ ಆಮ್ಲ ಕಲ್ಲನ್ನು ತಿನ್ನುತ್ತದೆ. ಮೂರೂ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ.

ಹಾಗೆಂದು ಆಮ್ಲದ ಪಾತ್ರವನ್ನು ಉತ್ಪ್ರೇಕ್ಷಿಸಬಾರದು. ಸುಣ್ಣಕಲ್ಲು ಆಮ್ಲವನ್ನು ಸಾಯಿಸುತ್ತದೆ ಕೂಡ. ಕಲ್ಲು ಕರಗುತ್ತಿದ್ದಂತೆ ನೀರಿನ ಹುಳಿ ಇಳಿಯುತ್ತದೆ, ಕೆಲವು ಲೋಹಗಳು ಮತ್ತು ಫ್ಲೋರೈಡಿನ ಒಂದಷ್ಟು ಭಾಗ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಕಂಪನಿಗಳ ಪರ ಮಾತಾಡುವ ಎಂಜಿನಿಯರುಗಳು ಇದನ್ನು ಮುಂದಿಡುತ್ತಾರೆ. ಅದು ಸುಳ್ಳಲ್ಲ. ಆದರೆ ಸಲ್ಫೇಟ್ ಹಾಗೆ ಸುಲಭಕ್ಕೆ ಕೂರುವುದಿಲ್ಲ, ನೀರಿನ ಜೊತೆ ಮುಂದೆ ಸಾಗುತ್ತದೆ. ಅಲ್ಲದೆ ಆಮ್ಲವನ್ನು ಸಾಯಿಸಿದ ಪ್ರತಿ ಹಿಡಿ ಕಲ್ಲೂ ಪೊಳ್ಳನ್ನು ಅಷ್ಟು ದೊಡ್ಡದು ಮಾಡಿಯೇ ಹೋಗಿರುತ್ತದೆ.

ಈಗ ನನಗೆ ಸಿಟ್ಟು ಬರಿಸುವ ಸಂಗತಿಗೆ ಬರುತ್ತೇನೆ. ಇದೇ ನ್ಯೂ ವೇಲ್ಸ್ ಆವರಣದಲ್ಲಿ 1994ರಲ್ಲೂ ಹೀಗೇ ಆಗಿತ್ತು. ಆಗ ಕಾರ್ಖಾನೆ ಐಎಂಸಿ-ಆಗ್ರಿಕೊ ಎಂಬ ಕಂಪನಿಯ ಕೈಯಲ್ಲಿತ್ತು, ಮೊಸಾಯಿಕ್ ಹುಟ್ಟಿದ್ದು 2004ರಲ್ಲಿ. ಗುಡ್ಡದ ನೆತ್ತಿಯಲ್ಲಿ ಹದಿನೈದು ಅಂತಸ್ತಿನ ಕಟ್ಟಡ ಮುಳುಗುವಷ್ಟು ಆಳದ ಗುಂಡಿ ಬಿದ್ದಿತು. ಡಿಸ್ನಿ ವರ್ಲ್ಡ್ ಅಲ್ಲಿಗೆ ಹತ್ತಿರವಾದ್ದರಿಂದ ಸ್ಥಳೀಯರು ಇದು ಡಿಸ್ನಿಯವರ ಹೊಸ ಆಟ, ಪಾತಾಳ ಯಾತ್ರೆ ಎಂದು ತಮಾಷೆ ಮಾಡಿದರಂತೆ. ಗುಂಡಿಗೆ ಸಿಮೆಂಟಿನ ಬಿರಡೆ ಬಡಿದರು. ಹೊಸ ಗುಡ್ಡಗಳಿಗೆ ಪ್ಲಾಸ್ಟಿಕ್ ಹಾಸು ಬೇಕೆಂಬ ನಿಯಮವೂ ಫ್ಲಾರಿಡಾದಲ್ಲಿ 1990ರ ದಶಕದಲ್ಲೇ ಬಂತು. ಹಾಸು ಎಂದರೆ ಒಂದೂವರೆ ಮಿಲಿಮೀಟರ್ ದಪ್ಪದ ಕಪ್ಪು ಪಾಲಿಥೀನ್ ಹಾಳೆ. ಗುಣಮಟ್ಟದ ಹಾಳೆಯೇ, ಕೃಷಿಹೊಂಡಕ್ಕೆ ಹಾಸುವುದಕ್ಕಿಂತ ಎಷ್ಟೋ ಗಟ್ಟಿ. ಸೋರಿಕೆ ತಡೆಯುವುದು ಅದರ ಕೆಲಸ, ಭಾರ ಹೊರುವುದಲ್ಲ. ಅಡಿಯ ನೆಲವೇ ಇಲ್ಲವಾದಾಗ ನೂರು ಟನ್ ಹೊತ್ತ ಹಾಳೆ ಹರಿಯದೆ ಏನು ಮಾಡೀತು? 2016ರಲ್ಲಿ ಬಾಯ್ದೆರೆದ ಗುಡ್ಡ ಇಂಥ ಹಾಸು ಇದ್ದ ಗುಡ್ಡ. 1994ರ ಪಾಠವನ್ನು ಅವರು ಸೋರಿಕೆಯ ಪಾಠವೆಂದು ಓದಿದರು. ಅದು ನೆಲ ಆರಿಸುವ ಪಾಠವಾಗಿತ್ತು.

ಗುಂಡಿ ಬಿದ್ದ ಮೇಲೆ ತನಿಖೆ ಹೇಗೆ ನಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ನಿಧಾನವಾಗಿ ಹೇಳುತ್ತೇನೆ. ಪಠ್ಯಪುಸ್ತಕದಲ್ಲಿ ಎಲ್ಲ ಉಪಕರಣಗಳ ಹೆಸರೂ ಸಿಗುತ್ತದೆ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದು ಸಿಗುವುದಿಲ್ಲ.

ಭೂಗತ ರೇಡಾರ್ ಎಂಬ ಉಪಕರಣವಿದೆ. ಒಣ ಮರಳಿನಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತದೆ. ಆಮ್ಲದಲ್ಲಿ ನೆಂದ ಜಿಪ್ಸಮ್ ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ರೇಡಾರ್ ಅಲೆ ಕೆಲವೇ ಅಡಿಯಲ್ಲಿ ಸತ್ತುಹೋಗುತ್ತದೆ. ವಿದ್ಯುತ್ ರೋಧ ಮಾಪನ ನಿಮಗೆ ಗೊತ್ತಿರುವುದೇ. ಬೋರ್‌ವೆಲ್ ಪಾಯಿಂಟ್ ನೋಡಲು ಭೂವಿಜ್ಞಾನಿಗಳು ಹೊಲಕ್ಕೆ ಬಂದು ನಾಲ್ಕು ಗೂಟ ನೆಟ್ಟು ತಂತಿ ಎಳೆಯುತ್ತಾರಲ್ಲ, ಅದೇ. (ತೆಂಗಿನಕಾಯಿ ಹಿಡಿದು ನಡೆಯುವವರ ಪೈಪೋಟಿಯಲ್ಲಿ ಪಾಪ ಅವರಿಗೆ ಗಿರಾಕಿ ಕಡಿಮೆ.) ಇಲ್ಲಿ ಅದರ ತೊಂದರೆ ಏನೆಂದರೆ ನೆಂದ ಜಿಪ್ಸಮ್, ನೆಂದ ಜೇಡಿ, ಆಮ್ಲ ತುಂಬಿದ ಪೊಳ್ಳು ಮೂರೂ ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣ ಕೊಡುತ್ತವೆ. ಗುರುತ್ವ ಮಾಪನ ಮಾಡಿದರೆ ಪೊಳ್ಳಿನ ಮೇಲೆ ಗುರುತ್ವ ಕೂದಲೆಳೆಯಷ್ಟು ಕಡಿಮೆ ತೋರಿಸಬೇಕು. ಆದರೆ ಇನ್ನೂರು ಅಡಿಯ ಗುಡ್ಡದ ಮೇಲೆ ನಿಂತು ಅದರಡಿಯ ಪೊಳ್ಳನ್ನು ಅಳೆಯುವಾಗ ಗುಡ್ಡದ ಏರಿಳಿತದ ಲೆಕ್ಕದಲ್ಲಿ ಆಗುವ ತಪ್ಪೇ ಪೊಳ್ಳಿನ ಸಂಕೇತಕ್ಕಿಂತ ದೊಡ್ಡದಾಗಬಹುದು. ಕಂಪನ ಅಲೆಗಳ ವಿಧಾನ ಇವೆಲ್ಲಕ್ಕಿಂತ ಮೇಲು, ಅದರಲ್ಲೂ ಒಂದು ಬೋರಿನಿಂದ ಇನ್ನೊಂದು ಬೋರಿಗೆ ಅಲೆ ಕಳಿಸಿ ನಡುವಿನ ನೆಲವನ್ನು ಓದುವುದು. ಅದಕ್ಕೆ ಮೊದಲು ಬೋರು ಕೊರೆಯಬೇಕು.

ಕೊನೆಗೆ ನಂಬಬೇಕಾದದ್ದು ಕೊರೆತವನ್ನೇ. ರಿಗ್ಗಿನ ಪಕ್ಕ ನಿಂತರೆ ಯಂತ್ರಕ್ಕಿಂತ ಮೊದಲು ಕಿವಿಗೆ ವಿಷಯ ತಿಳಿಯುತ್ತದೆ. ಮಣ್ಣಿನ ಗಟ್ಟಿತನ ನೋಡಲು 63.5 ಕೆ.ಜಿ. ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ ಒಂದು ಅಡಿ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಒಳ್ಳೆಯ ನೆಲದಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಎಂದು ಪೆಟ್ಟು ಏರುತ್ತ ಹೋಗುತ್ತದೆ. ಜಾರಿದ ನೆಲ ಬಂದಾಗ ಹತ್ತು, ನಾಲ್ಕು, ಎರಡು ಎಂದು ಇಳಿಯುತ್ತದೆ. ಆಮೇಲೆ ಸುತ್ತಿಗೆ ಎತ್ತುವ ಮೊದಲೇ ರಾಡು ತನ್ನ ಭಾರಕ್ಕೇ ಕೆಳಗೆ ಹೋಗುತ್ತದೆ. ದಾಖಲೆ ಪುಸ್ತಕದಲ್ಲಿ ಆ ಸಾಲಿನ ಮುಂದೆ ಪೆಟ್ಟಿನ ಸಂಖ್ಯೆ ಸೊನ್ನೆ. ಜೊತೆಗೆ ಬೋರಿಗೆ ಬಿಡುತ್ತಿದ್ದ ಕೆಸರುನೀರು ಮೇಲಕ್ಕೆ ವಾಪಸು ಬರುವುದು ನಿಂತುಬಿಟ್ಟರೆ ಕೆಳಗೆ ಬಾಯಿ ಇದೆ ಎಂದೇ ಅರ್ಥ. ಸೇಡಂ, ಚಿತ್ತಾಪುರದ ಕಡೆ ಬೋರು ಕೊರೆಯುವ ಹುಡುಗರನ್ನು ಕೇಳಿ ನೋಡಿ. ಸುಣ್ಣಕಲ್ಲಿನಲ್ಲಿ ಕೊರೆಯುವ ಬಿಟ್ಟು ಇದ್ದಕ್ಕಿದ್ದಂತೆ ಜಾರಿದ ಅನುಭವ ಅವರಿಗೂ ಇದ್ದೀತು.

ಆದರೆ ರಿಗ್ಗನ್ನು ನಿಲ್ಲಿಸುವುದೆಲ್ಲಿ? ಗುಂಡಿಯ ಅಂಚಿನಲ್ಲಿ ನಿಲ್ಲಿಸಿದರೆ ರಿಗ್ಗೂ ಜನರೂ ಕೆಳಗೆ ಹೋಗುತ್ತಾರೆ. ಅದಕ್ಕೆ ದೂರದ ಗಟ್ಟಿ ಜಾಗದಲ್ಲಿ ನಿಲ್ಲಿಸಿ ಓರೆಯಾಗಿ ಕೊರೆದು, ಗುಡ್ಡದ ಅಡಿಯ ಗುಂಡಿಯ ಕೊರಳನ್ನು ಮುಟ್ಟಬೇಕು. ನ್ಯೂ ವೇಲ್ಸ್‌ನಲ್ಲಿ ಮಾಡಿದ್ದೂ ಅದನ್ನೇ. ನೂರಾರು ಅಡಿ ಆಚೆಯ ಕಾಣದ ಕೊರಳಿಗೆ ಗುರಿಯಿಡಬೇಕು, ಬಿಟ್ಟು ಮೆತ್ತನೆಯ ಕಡೆಗೆ ವಾಲಿಕೊಳ್ಳದಂತೆ ನೋಡಿಕೊಳ್ಳಬೇಕು. ಇದು ನಿಧಾನದ ಕೆಲಸ, ಅವಸರ ಮಾಡಿದರೆ ಕೆಡುತ್ತದೆ.

ರಿಪೇರಿಯಲ್ಲಿ ಮೊದಲ ಕೆಲಸ ಗುಂಡಿ ಮುಚ್ಚುವುದಲ್ಲ. ಮೇಲಿನ ನೀರು ಇಳಿಸುವುದು, ಕೆಳಗೆ ಹೋದ ನೀರನ್ನು ಹಿಡಿಯುವುದು ಮೊದಲು. ಉಳಿದ ಕೊಳದ ನೀರನ್ನು ಬೇರೆ ಕೊಳಗಳಿಗೆ ಪಂಪು ಮಾಡಿದರು. ಆವರಣದ ಬೋರ್‌ವೆಲ್‌ಗಳನ್ನು ಬಿಡದೆ ಓಡಿಸಿ ಅಂತರ್ಜಲ ಸುತ್ತಲಿಂದ ಅವುಗಳ ಕಡೆಗೇ ಹರಿಯುವಂತೆ ಮಾಡಿ, ಆಮ್ಲದ ನೀರು ಗಡಿ ದಾಟದಂತೆ ಹಿಡಿದು ಮೇಲೆಳೆದು ಕಾರ್ಖಾನೆಗೇ ವಾಪಸು ಕೊಟ್ಟರು. ಕೇಳಲು ಸರಳ. ಆದರೆ ಸ್ಟ್ರಾಬೆರಿ ಹೊಲಗಳ ಮಾತು ನೆನಪಿಡಿ: ಸುಣ್ಣಕಲ್ಲಿನ ನೆಲದಲ್ಲಿ ನೀರು ಜೋರಾಗಿ ಎಳೆದರೆ ಹೊಸ ಗುಂಡಿ ಬೀಳಬಹುದು, ಮೆಲ್ಲಗೆ ಎಳೆದರೆ ಕಲುಷಿತ ನೀರು ತಪ್ಪಿಸಿಕೊಳ್ಳಬಹುದು. ಎರಡರ ನಡುವಿನ ವೇಗ ತಿಳಿಯಬೇಕಾದರೆ ಸುತ್ತ ವೀಕ್ಷಣಾ ಬಾವಿಗಳಿರಬೇಕು, ಅವುಗಳ ಮಟ್ಟ, ಸಲ್ಫೇಟ್, ವಿದ್ಯುದ್ವಾಹಕತೆಯನ್ನು ಹಗಲಿರುಳೂ ನೋಡುತ್ತಿರಬೇಕು. ಆವರಣದ ಹೊರಗಿನ ಬಾವಿಗಳಿಗೆ ಮಾಲಿನ್ಯ ತಲುಪಿಲ್ಲ ಎಂದು ರಾಜ್ಯದ ಪರಿಸರ ಇಲಾಖೆ ಹೇಳಿದೆ. ಆ ಪಂಪಿಂಗ್ ನಿಜವಾಗಿ ಒಳ್ಳೆಯ ಎಂಜಿನಿಯರಿಂಗ್ ಎಂದು ಒಪ್ಪಿಕೊಳ್ಳಬೇಕು.

ಆಮೇಲೆ ಗ್ರೌಟಿಂಗ್, ಅಂದರೆ ಪೊಳ್ಳಿಗೆ ಸಿಮೆಂಟಿನ ಕಲಸು ತುಂಬುವುದು. ಮೊದಲು ಹರಿಯದ, ಗಟ್ಟಿ ಹದದ ಗ್ರೌಟನ್ನು ಕೊರಳಿಗೆ ತುರುಕಿ ತಡೆ ಕಟ್ಟಬೇಕು. ನೀರಾಗಿ ಕಲಸಿದ ಗ್ರೌಟನ್ನು ಮೊದಲೇ ಬಿಟ್ಟರೆ ಅದು ಹೊಟ್ಟೆಯೊಳಗೆ ಇಳಿದು ಸುರಂಗ ಹಿಡಿದು ಎಲ್ಲೋ ಹೋಗಿಬಿಡುತ್ತದೆ, ಎಷ್ಟು ಲೋಡು ಸುರಿದರೂ ಕುಡಿಯುತ್ತಲೇ ಇರುತ್ತದೆ. ತಡೆ ನಿಂತ ಮೇಲೆ ತೆಳ್ಳನೆಯದನ್ನು ಸುತ್ತಲ ಬಿರುಕುಗಳಿಗೆ ಒತ್ತಡದಲ್ಲಿ ಬಿಡಬೇಕು. ಯಾವ ಬೋರಿಗೆ ಎಷ್ಟು ಹೋಯಿತು, ಯಾವ ಒತ್ತಡದಲ್ಲಿ ನೆಲ ಇನ್ನು ಸಾಕು ಎಂದಿತು ಎಂಬುದು ಪ್ರತಿ ಪಾಳಿಯಲ್ಲೂ ಬರೆದಿಡಬೇಕು. ಸಿಮೆಂಟಿನ ಜಾತಿಯೂ ಮುಖ್ಯ. ಸಾಮಾನ್ಯ ಸಿಮೆಂಟನ್ನು ಸಲ್ಫೇಟ್ ಒಳಗಿಂದಲೇ ಉಬ್ಬಿಸಿ ಒಡೆಯುತ್ತದೆ. ಮುಗಿದ ಮೇಲೆ ಮತ್ತೆ ಕೊರೆದು, ಗಟ್ಟಿಯಾದ ಗ್ರೌಟಿನ ತುಂಡು ಮೇಲೆ ಬಂದರೆ ಮಾತ್ರ ನಂಬಬೇಕು. ನ್ಯೂ ವೇಲ್ಸ್‌ನಲ್ಲಿ ಈ ಕೆಲಸಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅಷ್ಟೂ ದಿನ ಉಳಿದ ಕೊಳಗಳು ತುಂಬಿಯೇ ಇದ್ದವು, ಏಕೆಂದರೆ ಕಾರ್ಖಾನೆ ನಡೆಯುತ್ತಿತ್ತು. 2023ರಲ್ಲಿ ಅದೇ ನ್ಯೂ ವೇಲ್ಸ್‌ನಲ್ಲಿ ಗುಡ್ಡದ ಹಾಸು ಮತ್ತೆ ಸೋರುತ್ತಿರುವ ಅನುಮಾನ ವರದಿಯಾಯಿತು.

ಜನರಿಗೆ ತಿಳಿಸಿದ ರೀತಿಯ ಬಗ್ಗೆ ಎರಡು ಮಾತು. 2016ರ ಆಗಸ್ಟ್ ಕೊನೆಯಲ್ಲಿ ಕಂಪನಿ ಸರ್ಕಾರಕ್ಕೆ ತಿಳಿಸಿತು. ಸುತ್ತಲಿನ ಬಾವಿಗಳ ನೀರು ಕುಡಿಯುವವರಿಗೆ ತಿಳಿದದ್ದು ಸುಮಾರು ಮೂರು ವಾರದ ನಂತರ, ಅದೂ ಸುದ್ದಿ ಮಾಧ್ಯಮಗಳಿಂದ. ಇಲಾಖೆಯ ಸಮರ್ಥನೆ ಏನಿತ್ತೆಂದರೆ, ಮಾಲಿನ್ಯ ಆವರಣದ ಗಡಿ ದಾಟಿದ್ದು ಖಚಿತವಾದರೆ ಮಾತ್ರ ನೆರೆಯವರಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಅಂತರ್ಜಲ ಗಡಿಕಲ್ಲು ನೋಡಿ ಹರಿಯುವುದಿಲ್ಲ ಎಂಬುದು ಕಾನೂನು ಬರೆದವರಿಗೆ ಹೊಳೆದಿರಲಿಲ್ಲವೋ ಏನೋ. ಆಗಿನ ಗವರ್ನರ್ ರಿಕ್ ಸ್ಕಾಟ್ 24 ತಾಸಿನೊಳಗೆ ಸಾರ್ವಜನಿಕರಿಗೆ ತಿಳಿಸಬೇಕೆಂದು ತುರ್ತು ನಿಯಮ ತಂದರು. ಉದ್ಯಮಗಳು ಪ್ರಶ್ನಿಸಿದವು, ನಿಯಮ ಬಿತ್ತು. 2017ರಲ್ಲಿ ಶಾಸನಸಭೆಯೇ ಕಾನೂನು ಮಾಡಬೇಕಾಯಿತು.

ಅಡಿಯಿಂದ ಕೈಕೊಡುವ ತ್ಯಾಜ್ಯದ ಕೊಳಕ್ಕೆ ಸುಣ್ಣಕಲ್ಲೇ ಬೇಕೆಂದಿಲ್ಲ. ಜಾಂಬಿಯಾದ ಮುಫುಲಿರಾ ತಾಮ್ರದ ಗಣಿಯಲ್ಲಿ ಗಣಿಯ ಮೇಲೆಯೇ ತ್ಯಾಜ್ಯದ ಕೊಳವಿತ್ತು. 1970ರ ಸೆಪ್ಟೆಂಬರ್ 25ರಂದು ನೆಲ ಕುಸಿದು ಕೊಳದ ರಾಡಿ ಗಣಿಯೊಳಗೆ ನುಗ್ಗಿ 89 ಕಾರ್ಮಿಕರು ಸತ್ತರು. ಅಮೆರಿಕದ್ದೇ ಕೆಂಟಕಿ ರಾಜ್ಯದ ಮಾರ್ಟಿನ್ ಕೌಂಟಿಯಲ್ಲಿ 2000ದ ಅಕ್ಟೋಬರ್ 11ರಂದು ಕಲ್ಲಿದ್ದಲು ತೊಳೆದ ರಾಡಿಯ ಕೊಳದ ತಳ ಒಡೆದು, ಸುಮಾರು 30 ಕೋಟಿ ಗ್ಯಾಲನ್ ರಾಡಿ ಕೆಳಗಿನ ಹಳೆಯ ಗಣಿ ಸುರಂಗಗಳ ಮೂಲಕ ಹಾದು ಹೊಳೆಗಳಿಗೆ ಬಿತ್ತು. ಕೊಳಕ್ಕೂ ಗಣಿಗೂ ನಡುವೆ 70 ಅಡಿಗೂ ಹೆಚ್ಚು ಕಲ್ಲಿದೆ ಎಂದು ಕಾಗದದಲ್ಲಿತ್ತು. ನಿಜವಾಗಿ ಕೆಲವೆಡೆ 20 ಅಡಿಯೂ ಇರಲಿಲ್ಲ. ಅಲ್ಲೂ 1994ರಲ್ಲಿ ಒಮ್ಮೆ ಸೋರಿಕೆಯಾಗಿತ್ತು. 2021ರಲ್ಲಿ ಫ್ಲಾರಿಡಾದ ಪೈನಿ ಪಾಯಿಂಟ್‌ನಲ್ಲಿ ಜಿಪ್ಸಮ್ ಗುಡ್ಡದ ಕೊಳ ಸೋರಿ ಒಡೆಯುವ ಭಯ ಹುಟ್ಟಿದಾಗ 21.5 ಕೋಟಿ ಗ್ಯಾಲನ್ನನ್ನು ಟ್ಯಾಂಪಾ ಕೊಲ್ಲಿಗೆ ಬಿಟ್ಟರು. ನ್ಯೂ ವೇಲ್ಸ್‌ನ ಅಂಕಿಯೇ ಮತ್ತೆ ಬಂದದ್ದು ಕಾಕತಾಳೀಯ. ಒಂದು ಕಡೆ ಅಂತರ್ಜಲ, ಇನ್ನೊಂದು ಕಡೆ ಸಮುದ್ರ. ಕಾರಣ ಮಾತ್ರ ಎರಡು ಕಡೆಯೂ ಒಂದೇ: ಎತ್ತರದಲ್ಲಿ ಕೂಡಿಹಾಕಿದ ನೀರು.

ಭಾರತದಲ್ಲೂ ಪ್ಯಾರಾದೀಪದಂಥ ಕಡೆ ಫಾಸ್ಫೊಜಿಪ್ಸಮ್ ಗುಡ್ಡಗಳಿವೆ. ನಾವು ಅಮೆರಿಕದವರಂತೆ ಎಲ್ಲವನ್ನೂ ಗುಡ್ಡೆ ಹಾಕಿ ಕೂರಲಿಲ್ಲ. ಸಿಮೆಂಟ್ ಕಾರ್ಖಾನೆಗಳು ಕೊಳ್ಳುತ್ತವೆ, ಚೌಳು ನೆಲಕ್ಕೆ ಹಾಕುತ್ತಾರೆ, ಗ್ರಾಮಿಗೆ 1 ಬೆಕ್ವೆರೆಲ್‌ಗಿಂತ ಕಡಿಮೆ ರೇಡಿಯಂ ಇದ್ದರೆ ಕಟ್ಟಡ ಸಾಮಗ್ರಿಗೂ ಬಳಸಬಹುದೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹೇಳಿದೆ. ಹೊಲಕ್ಕೆ ಹಾಕಲು ಅಮೆರಿಕ ಇಟ್ಟ ಮಿತಿ ಅದರ ಸುಮಾರು ಮೂರನೇ ಒಂದು ಭಾಗ. ಯಾರ ಲೆಕ್ಕ ಸರಿ ಎಂಬುದಕ್ಕೆ ಇನ್ನೊಂದು ಉಪನ್ಯಾಸವೇ ಬೇಕು. ಜಿಪ್ಸಮ್ ಗುಡ್ಡ ಕರಗಿದಷ್ಟೂ ಅದರ ಮೇಲಿನ ಕೊಳವೂ ಕರಗುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಎಚ್ಚರದಿಂದ ಮಾಡುವ ಮರುಬಳಕೆಯ ಪರ.

ಕರ್ನಾಟಕದ ಬಹುಪಾಲು ನೆಲ ಗ್ರಾನೈಟ್ ಮತ್ತು ನೈಸ್. ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗಾಗಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಹಾರುಬೂದಿ ಕೊಳಕ್ಕಾಗಲಿ ಬೇರೆ ರೋಗಗಳಿರಬಹುದು, ಕರಗುವ ಕಲ್ಲಿನ ರೋಗವಿಲ್ಲ. ಕಲಬುರ್ಗಿ ಜಿಲ್ಲೆಯ ಭೀಮಾ ಸೀಮೆ ಬೇರೆ. ನೀವು ಕೂತಿರುವ ಈ ಸಭಾಂಗಣದ ಫರ್ಸಿ ಕೂಡ ಸುಣ್ಣಕಲ್ಲೇ. ನಮ್ಮ ಶಹಾಬಾದಿ ಕಲ್ಲು ಫ್ಲಾರಿಡಾದ್ದಕ್ಕಿಂತ ಎಷ್ಟೋ ಹಳೆಯದು, ದಟ್ಟ, ಗಟ್ಟಿ. ಅಲ್ಲಿಯಂತೆ ನಾಳೆ ನೆಲ ಬಾಯ್ದೆರೆಯುತ್ತದೆ ಎಂದು ಹೆದರಿಸುವುದು ಅಪ್ರಾಮಾಣಿಕತೆಯಾದೀತು. ಆದರೆ ಈ ಸೀಮೆಯ ಒಳ್ಳೆಯ ಬೋರ್‌ವೆಲ್‌ಗಳಿಗೆ ನೀರು ಬರುವುದೇ ಕಲ್ಲು ಕರಗಿ ಆದ ಸಂದುಗಳಿಂದ. ನೀರು ಬರುವ ದಾರಿಯಲ್ಲಿ ತ್ಯಾಜ್ಯವೂ ಬರಬಲ್ಲದು. ಹಾಳುಬಿದ್ದ ಫರ್ಸಿ ಗಣಿ ಕಂಡರೆ ಹೇಗೂ ಗುಂಡಿ ಇದೆ, ಏನಾದರೂ ತುಂಬೋಣ ಎನ್ನುವ ಬುದ್ಧಿ ಎಲ್ಲರಿಗೂ ಬರುತ್ತದೆ. ಒಣ ವಸ್ತು ತುಂಬುವುದಕ್ಕೂ ನೀರು ನಿಲ್ಲುವಂತೆ ತುಂಬುವುದಕ್ಕೂ ಅಜಗಜಾಂತರವಿದೆ.

ಇಂಥ ತ್ಯಾಜ್ಯ ಹುಟ್ಟಿಸುವ ದೊಡ್ಡ ಯೋಜನೆ ಬಂದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಗೆ ಮೊದಲು ಮೂವತ್ತು ದಿನದ ಕಾಲಾವಕಾಶವಿರಬೇಕು. ಅಂಥ ಸಭೆಗಳಲ್ಲಿ ಹೆಚ್ಚಿನ ಮಾತು ಉದ್ಯೋಗ ಮತ್ತು ಪರಿಹಾರದ ಬಗ್ಗೆ ನಡೆಯುತ್ತದೆ, ಅದು ನ್ಯಾಯವೇ. ಈ ಸಭಾಂಗಣದ ವಿದ್ಯಾರ್ಥಿಗಳಲ್ಲಿ ಯಾರಾದರೂ ಅಲ್ಲಿಗೆ ಹೋದರೆ ಬೋರ್ ಲಾಗ್, ಅಂದರೆ ಕೊರೆತದ ದಾಖಲೆ, ತೋರಿಸಿ ಎಂದು ಕೇಳಿ. ಎಷ್ಟು ಕಡೆ ಕೊರೆದಿರಿ, ಎಷ್ಟು ಆಳ, ಎಲ್ಲಿ ಕೆಸರುನೀರು ವಾಪಸು ಬರಲಿಲ್ಲ, ಯಾವ ಅಡಿಯಲ್ಲಿ ಪೆಟ್ಟಿನ ಸಂಖ್ಯೆ ಸೊನ್ನೆಯಾಯಿತು ಎಂದು ಕೇಳಿ. ಗುಡ್ಡದ ಮೇಲೆ ನೀರು ನಿಲ್ಲುತ್ತದೆಯೇ, ನಿಂತರೆ ಎಷ್ಟು ಅಡಿ, ಕಾರ್ಖಾನೆ ನಿಂತ ಮೇಲೆ ಅದನ್ನು ಯಾರು ಬಸಿಯುತ್ತಾರೆ ಎಂದೂ ಕೇಳಿ. ಕೇಳಿದ್ದು ಸಭೆಯ ನಡಾವಳಿಯಲ್ಲಿ ದಾಖಲಾಗಲೇಬೇಕು, ಅಂತಿಮ ವರದಿಯಲ್ಲಿ ಕಂಪನಿ ಅದಕ್ಕೆ ಉತ್ತರ ಬರೆಯಲೇಬೇಕು. ಅದೂ ಅದೇ ಅಧಿಸೂಚನೆಯಲ್ಲಿದೆ.